ಮುಚ್ಚಳದ ಮೇಲಿನ ನಂಬರು

ವಿಲ್ಗಾ ಕ್ರೀಕ್ ಎಂಬ ಊರಿನ ಸುತ್ತಮುತ್ತ ಬೆರಿಲ್ ಕಿನ್ನೇನಳ ಜೇನಿನ ಡಬ್ಬಿ ಇಲ್ಲದ ಅಡುಗೆಮನೆಯೇ ಇರಲಿಲ್ಲ. ಯಾರ ಜಮೀನಿನಲ್ಲಿ ಅವಳ ಜೇನುಪೆಟ್ಟಿಗೆಗಳು ಕೂರುತ್ತವೋ ಅವರ ಮನೆಗೆ ಕ್ರಿಸ್‌ಮಸ್ಸಿಗೆ ಒಂದು ದೊಡ್ಡ ಡಬ್ಬಿ ಜೇನುತುಪ್ಪ. ಬಾಡಿಗೆಯೂ ಅದೇ, ಕರಾರುಪತ್ರವೂ ಅದೇ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವಳ ಫೋನ್ ನಂಬರು ಬರೆದಿರುತ್ತಿತ್ತು. ಹೊಲಕ್ಕೆ ಔಷಧಿ ಹೊಡೆಯುವ ಹಿಂದಿನ ದಿನ ಒಂದು ಮಾತು ಹೇಳಿಬಿಡಿ ಎಂದು ಅದರ ಅರ್ಥ. ಹೇಳಿದರೆ ಸಾಕು, ಅವಳು ಲಾರಿ ತಂದು ಪೆಟ್ಟಿಗೆಗಳನ್ನು ಸಾಗಿಸುತ್ತಿದ್ದಳು, ಇಲ್ಲವೇ ಒದ್ದೆ ಗೋಣಿ ಹೊದಿಸಿ ಕಾಯುತ್ತಿದ್ದಳು. ಔಷಧಿಯಂತೆ! ಸಾಯಿಸುವುದಕ್ಕೆ ಔಷಧಿ ಎಂದು ಹೆಸರಿಟ್ಟ ಮಹಾನುಭಾವ ಯಾರೋ.

ಬೆರಿಲ್‌ಗೆ ಅರವತ್ತೆಂಟು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕುರಿಯ ಉಣ್ಣೆ ಕತ್ತರಿಸುವವರ ತಂಡಕ್ಕೆ ಅಡುಗೆ ಮಾಡುತ್ತಿದ್ದಾಗ, ಅವಳ ಮಾಂಸದ ಸಾರು ಮೆಚ್ಚಿದ ಮುದುಕನೊಬ್ಬ ನಾಲ್ಕು ಜೇನುಪೆಟ್ಟಿಗೆ ಕೊಟ್ಟು ಹೋದ. ಆ ನಾಲ್ಕು ನೂರಿಪ್ಪತ್ತಾದವು. ಅಂದಿನಿಂದ ಅವಳು ಹೂವಿನ ಹಿಂದೆ ಅಲೆದವಳು. ಕೈಗವಸು ತೊಟ್ಟವಳಲ್ಲ, ಬಾಯಿಗೆ ಬೀಗ ಹಾಕಿಕೊಂಡವಳಂತೂ ಅಲ್ಲವೇ ಅಲ್ಲ.

ಆ ಡಿಸೆಂಬರಿನಲ್ಲಿ, ಅಂದರೆ ಆ ಸೀಮೆಯ ನಡುಬೇಸಿಗೆಯಲ್ಲಿ, ನದಿದಂಡೆಯ ಕೆಂಪು ನೀಲಗಿರಿ ಮರಗಳು ನಾಲ್ಕು ವರ್ಷದ ಮೇಲೆ ಮೈತುಂಬ ಹೂಬಿಟ್ಟಿದ್ದವು. ಆ ದಂಡೆ ಗ್ರೇಮ್ ಹಾಲೊರನ್ನನದು. ಮೇಲೆ ಅವನ ಹತ್ತಿಹೊಲ, ಕೆಳಗೆ ನದಿ, ನದಿಯ ಪಕ್ಕದಲ್ಲೇ ಅವನ ಮನೆ. ಬೆರಿಲ್ ನೂರಿಪ್ಪತ್ತು ಪೆಟ್ಟಿಗೆಗಳನ್ನೂ ಅಲ್ಲಿಗೇ ತಂದಿಳಿಸಿದ್ದಳು. ಅವು ಎಲ್ಲಿವೆ ಎಂದು ಸರಕಾರದ ನಕ್ಷೆಯಲ್ಲೂ ಗುರುತು ಹಾಕಿಸಿದ್ದಳು. ಇನ್ನೇನು ಮಾಡಬೇಕಿತ್ತು, ಡಂಗುರ ಸಾರಿಸಬೇಕಿತ್ತೇ?

ಮಂಗಳವಾರ ಅವಳು ಹೋಗಿ ನೋಡಿದಾಗ ಪ್ರತಿ ಪೆಟ್ಟಿಗೆಯ ಮುಂದೆಯೂ ಮೊರಗಟ್ಟಲೆ ಹುಳುಗಳು ಸತ್ತು ಬಿದ್ದಿದ್ದವು. ಸೆಕೆಗೆ ಬಾಗಿಲ ಹೊರಗೆ ಗೊಂಚಲುಗಟ್ಟಿ ಮಲಗಿದ್ದ ಹುಳುಗಳು ಅವು. ಕೆಲವು ನಾಲಿಗೆ ಚಾಚಿಕೊಂಡು ಬೆನ್ನಿನ ಮೇಲೆ ಬಿದ್ದು ಗಿರಗಿರನೆ ತಿರುಗುತ್ತಿದ್ದವು. ಎಂಬತ್ತು ಪೆಟ್ಟಿಗೆ ಹಾಳಾಗಿದ್ದವು. ನದಿಯ ತಿರುವಿನಾಚೆ ಇದ್ದ ನಲವತ್ತು ಮಾತ್ರ ಉಸಿರಾಡುತ್ತಿದ್ದವು. ಬೆರಿಲ್ ಸತ್ತ ಹುಳುಗಳನ್ನು ಟೋಪಿಯ ತುಂಬ ಬಾಚಿಕೊಂಡು ನೇರ ಗ್ರೇಮನ ಮನೆಗೆ ನಡೆದು, ಅವನ ಊಟದ ಮೇಜಿನ ಮೇಲೆ ಸುರಿದಳು.

"ಇದೇನೇ ಇದು, ತಿನ್ನೋ ಜಾಗದಲ್ಲಿ!"

"ತಿನ್ನು. ಮೂವತ್ತು ವರ್ಷದಿಂದ ಇವುಗಳದ್ದೇ ತಾನೇ ತಿಂತಿರೋದು? ನಿನ್ನೆ ಔಷಧಿ ಹೊಡೆದ್ಯಾ?"

"ಇವತ್ತು ಬೆಳಕು ಹರಿಯೋಕ್ಕೆ ಮುಂಚೆ ಹೊಡೆದೆ. ಆದ್ರೆ ಗಾಳೀನೇ ಇರ್ಲಿಲ್ಲ ಕಣೇ. ಒಂದು ಎಲೆ ಅಲ್ಲಾಡ್ತಿರ್ಲಿಲ್ಲ. ಗಾಳಿ ಇದ್ದಿದ್ರೆ ಫೋನ್ ಮಾಡ್ದೇ ಇರ್ತಿದ್ನಾ? ನನ್ನ ಹೊಲದ್ದು ನನ್ನ ಹೊಲದಲ್ಲೇ ಬಿದ್ದಿದೆ."

"ಗಾಳಿ ಇಲ್ದಿದ್ರೇ ಅಪಾಯ ಕಣೋ ದಡ್ಡ! ತಂಪು ಗಾಳಿ ನೆಲಕ್ಕೆ ಅಂಟ್ಕೊಂಡಿರುತ್ತೆ. ಔಷಧಿ ಮೇಲೂ ಹೋಗಲ್ಲ, ಕೆಳಗೂ ಬೀಳಲ್ಲ. ನೀರಿನ ಥರ ತಗ್ಗಿಗೆ ಹರಿಯುತ್ತೆ."

"ಪುಸ್ತಕದ ಮಾತು ಬಿಡು ಮಾರಾಯ್ತಿ. ನಮ್ಮಪ್ಪನ ಕಾಲದಿಂದ ಗಾಳಿ ನಿಂತಾಗ್ಲೇ ಹೊಡೆಯೋದು ನಾವು. ಉಳಿದರ್ಧ ಹೊಲಕ್ಕೆ ಶುಕ್ರವಾರ ಬೆಳಿಗ್ಗೆ ಹೊಡೀತೀನಿ. ನೋಡು, ಈ ಸಲ ಮೊದ್ಲೇ ಹೇಳಿದೀನಿ."

ಹೇಳಿದನಂತೆ, ಪುಣ್ಯಾತ್ಮ! ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಉಳಿದ ನಲವತ್ತನ್ನು ಎಲ್ಲಿಗೆ ಸಾಗಿಸುವುದು? ಅವೂ ಅರೆಜೀವವಾಗಿದ್ದವು. ಲಾರಿಗೆ ಏರಿಸಿದರೆ ಇಳಿಸುವ ಹೊತ್ತಿಗೆ ಬರೀ ಪೆಟ್ಟಿಗೆ ಸಿಗುತ್ತಿತ್ತು. ನೀರಿನಂತೆ ಹರಿದು ಬರುವ ವಿಷಕ್ಕೆ ಒದ್ದೆ ಗೋಣಿಯೂ ಸಾಲದು. ದೂರು ಕೊಡಲು ಫೋನ್ ಮಾಡಿದರೆ ಅಧಿಕಾರಿಯೊಬ್ಬ, "ಸತ್ತ ಹುಳು ಪರೀಕ್ಷೆಗೆ ಕಳಿಸ್ತೀವಿ ಮೇಡಂ, ಆರು ವಾರ ಆಗುತ್ತೆ" ಎಂದ. ಶುಕ್ರವಾರಕ್ಕೆ ಮೂರೇ ದಿನವಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ಈ ಕಚೇರಿಗಳನ್ನು ಮೀರಿಸುವವರಿಲ್ಲ.

ಶುಕ್ರವಾರ ಗ್ರೇಮ್ ಟ್ರ್ಯಾಕ್ಟರಿನ ಟ್ಯಾಂಕಿಗೆ ಔಷಧಿ ತುಂಬಿಸಿಕೊಂಡು ಹೊಲಕ್ಕೆ ಬಂದಾಗ ಪೂರ್ವದಲ್ಲಿ ಆಗಷ್ಟೇ ಬೆಳಕು ಮೂಡುತ್ತಿತ್ತು. ಗೇಟಿಗೆ ಅಡ್ಡಲಾಗಿ ಬೆರಿಲಳ ಲಾರಿ ನಿಂತಿತ್ತು. ಅವಳು ಹೊಲದ ಮೂಲೆಯಲ್ಲಿ ಹೊಗೆತಿದಿ ಹಿಡಿದು ಕೂತಿದ್ದಳು. ಜೇನುಹುಳುಗಳನ್ನು ಸುಮ್ಮನಾಗಿಸಲು ಬಳಸುವ ಆ ಪುಟ್ಟ ತಿದಿಯೊಳಗೆ ಹಳೆಯ ಗೋಣಿಚೂರುಗಳನ್ನು ತುರುಕಿ ಉರಿ ಹಾಕಿದ್ದಳು.

"ಲಾರಿ ತೆಗಿ ಬೆರಿಲ್. ಬಿಸಿಲು ಬಂದ್ಮೇಲೆ ಗಾಳಿ ಏಳುತ್ತೆ, ಹೊಡಿಯೋಕ್ಕಾಗಲ್ಲ."

"ತೆಗೀತೀನಿ. ಮೊದ್ಲು ಹೇಳು, ಗಾಳಿ ಇದ್ಯಾ?"

ಗ್ರೇಮ್ ಬೆರಳು ನೆಕ್ಕಿ ಎತ್ತಿ ಹಿಡಿದ. "ಒಂಚೂರೂ ಇಲ್ಲ."

"ಹಾಗಾದ್ರೆ ಇದನ್ನ ನೋಡು. ಹತ್ತೇ ನಿಮಿಷ."

ಅವಳು ತಿದಿಯೊತ್ತಿದಳು. ಹೊಗೆ ಆಳೆತ್ತರಕ್ಕೂ ಏರಲಿಲ್ಲ. ಸೊಂಟದ ಮಟ್ಟದಲ್ಲಿ ಚಾಪೆ ಹಾಸಿದಂತೆ ಹರಡಿ, ಬೇಲಿಯ ತಂತಿಗಳ ನಡುವೆ ನುಸುಳಿ, ಇಳಿಜಾರು ಹಿಡಿದು ಮೆಲ್ಲಗೆ ನದಿಯತ್ತ ಹೊರಟಿತು. ಬೆರಿಲ್ ಒತ್ತುತ್ತಲೇ ಇದ್ದಳು. ಹೊಗೆ ಮರಗಳ ಬುಡ ಸೇರಿತು, ಸತ್ತ ಪೆಟ್ಟಿಗೆಗಳ ಸಾಲನ್ನು ದಾಟಿತು, ತೆಳುವಾಗುತ್ತ ಮುಂದೆ ಸಾಗಿತು. ಗ್ರೇಮ್ ಮೊದಮೊದಲು ನಗುತ್ತಿದ್ದ, ಆಮೇಲೆ ನಗಲಿಲ್ಲ.

ಅಷ್ಟರಲ್ಲಿ ಅವನ ಜೇಬಿನ ಫೋನು ಬಡಿದುಕೊಂಡಿತು. ಅವನ ಹೆಂಡತಿ ಲೋರ್ನಾ. ಡಿಸೆಂಬರು ಕಾಡ್ಗಿಚ್ಚಿನ ಕಾಲ, ಹೊಗೆಯ ವಾಸನೆ ಬಂದರೆ ಆ ಸೀಮೆಯಲ್ಲಿ ಯಾರೂ ಸುಮ್ಮನಿರುವುದಿಲ್ಲ. ಅವಳ ಕೂಗು ಬೆರಿಲ್‌ಗೂ ಕೇಳಿಸಿತು.

"ಗ್ರೇಮ್! ಎಲ್ಲೋ ಬೆಂಕಿ ಬಿದ್ದಿದೆ! ಮಲಗೋ ಕೋಣೆ ತುಂಬಾ ಹೊಗೆ ವಾಸನೆ! ಎಲ್ಲಿದೀರಿ ನೀವು?"

"ಏನಿಲ್ಲ, ಗಾಬರಿ ಆಗ್ಬೇಡ. ಬೆರಿಲ್ ಇಲ್ಲಿ ಹೊಗೆ ಹಾಕಿದಾಳೆ." ಅವನು ತಡೆದು ಕೇಳಿದ. "ಲೋರ್ನಾ, ಮಂಗಳವಾರ ಬೆಳಿಗ್ಗೆ ಕಿಟಕಿ ಮುಚ್ಚಿತ್ತಾ?"

"ಈ ಸೆಕೇಲಿ ಯಾರ್ರೀ ಕಿಟಕಿ ಮುಚ್ಕೊಂಡು ಮಲಗ್ತಾರೆ?"

ಗ್ರೇಮ್ ಫೋನನ್ನು ಕಿವಿಯಿಂದ ತೆಗೆದು ಕೈಯಲ್ಲೇ ಹಿಡಿದು ನಿಂತ. ಬೆರಿಲಳ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ.

"ನೋಡಿದ್ಯಾ? ಗೋಣಿ ಹೊಗೆಗೆ ಹತ್ತು ನಿಮಿಷದಲ್ಲಿ ಫೋನ್ ಬಂತು. ಅದಕ್ಕೆ ವಾಸನೆ ಇದೆ, ಪಾಪ. ನಿನ್ನ ವಿಷಕ್ಕೆ ನೀನೇ ಫೋನ್ ಮಾಡ್ಬೇಕಿತ್ತು."

"ಬೆರಿಲ್, ನಾನು ಬೇಕೂ ಅಂತ..."

"ಗೊತ್ತು. ಬೇಕೂ ಅಂತ ಮಾಡಿದ್ರೆ ಹುಳುಗಳು ಎರಡು ಸಲ ಸಾಯ್ತಿದ್ವಾ?"

ಅವನು ಟ್ರ್ಯಾಕ್ಟರ್ ಹತ್ತಿ, ತುಂಬಿದ ಟ್ಯಾಂಕಿನ ಸಮೇತ ಶೆಡ್ಡಿಗೆ ವಾಪಸ್ಸು ಹೋದ. ಐದು ದಿನ ಬಿಟ್ಟು ಬೆರಿಲ್‌ಗೆ ಫೋನ್ ಬಂತು: "ನಾಳೆ ಹೊತ್ತೇರಿದ ಮೇಲೆ ನದಿ ಕಡೆಯಿಂದ ಹೊಲದ ಕಡೆಗೆ ಗಾಳಿ ಅಂತೆ. ಹೊಡೀಲಾ?" ಅವಳು "ಹೂಂ" ಎಂದಷ್ಟೇ ಹೇಳಿ, ಗೋಣಿ ಒದ್ದೆ ಮಾಡಲು ಹೊರಟಳು. ನಲವತ್ತು ಪೆಟ್ಟಿಗೆಗಳೂ ಉಳಿದವು.

ಕ್ರಿಸ್‌ಮಸ್ಸಿಗೆ ಅವಳು ಎಂದಿನಂತೆ ಎಲ್ಲರ ಮನೆಗೂ ಹೋದಳು. ಹಾಲೊರನ್ನರ ಮನೆಗೂ ಹೋಗಿ ಮೇಜಿನ ಮೇಲೆ ಡಬ್ಬಿಯಿಟ್ಟು, ಚಹಾಕ್ಕೂ ನಿಲ್ಲದೆ ಹೊರಟಳು. ಡಬ್ಬಿ ಎತ್ತಿದ ಗ್ರೇಮ್‌ಗೆ ತೂಕವೇ ಸಿಗಲಿಲ್ಲ. ಒಳಗೆ ಏನೂ ಇರಲಿಲ್ಲ. ಮುಚ್ಚಳದ ಮೇಲೆ ಮಾತ್ರ ಹಸಿ ಬಣ್ಣದಲ್ಲಿ, ಈ ಸಲ ಎರಡರಷ್ಟು ದೊಡ್ಡದಾಗಿ, ಅವಳ ನಂಬರು ಇತ್ತು.