ಕಂಪ್ರೆಸರ್ ಮೇಲಿನ ಕೆಂಪು ಗುರುತು

ಗ್ಯಾರೇಜ್ ಮೇಸ್ತ್ರಿಯವರ ಎಡಗೈಯ ಹಿಂಬದಿಯಲ್ಲಿ ಒಂದು ಬಿಳಿಯ ಕಲೆ ಇತ್ತು. ಅಲ್ಲಿ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳುವಾಗಿ ಹೊಳೆಯುತ್ತಿತ್ತು. ಕಾರಿನ ಎ.ಸಿ. ಗ್ಯಾಸ್ ಚಿಮ್ಮಿ ಆದದ್ದಂತೆ. "ಬೆಂಕಿ ಅಲ್ಲ ಸಾರ್, ಥಂಡಿ. ಥಂಡೀನೂ ಸುಡತ್ತೆ," ಎಂದರು. ನಾನು ನಂಬಲಿಲ್ಲ. ಆಮೇಲೆ ಚರ್ಮದ ವೈದ್ಯರೊಬ್ಬರನ್ನು ಕೇಳಿ ಖಚಿತಪಡಿಸಿಕೊಂಡೆ. ಇಪ್ಪತ್ತು ವರ್ಷ ವರದಿಗಾರನಾಗಿ ದುಡಿದವನಿಗೆ ಒಬ್ಬರ ಮಾತು ಸಾಲುವುದಿಲ್ಲ.

ಆ ಬೇಸಿಗೆಯಲ್ಲಿ ಅಕ್ಕನ ಕುತ್ತಿಗೆಯ ಗಡ್ಡೆಗೆ ರೇಡಿಯೇಷನ್ ನಡೆಯುತ್ತಿತ್ತು. ಹನುಮಂತನಗರದ ನಮ್ಮ ಮನೆಯಿಂದ ಆಸ್ಪತ್ರೆಗೆ ದಿನಾ ಮಧ್ಯಾಹ್ನ ಮುಕ್ಕಾಲು ಗಂಟೆಯ ದಾರಿ. ಮೂರನೇ ವಾರಕ್ಕೆ ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯತೊಡಗಿತು. ಬೆವರು ತಾಗಿದರೆ ಹಲ್ಲು ಕಚ್ಚಿ ಕೂರುತ್ತಿದ್ದಳು. ನಮ್ಮ ಕಾರಿನ ಎ.ಸಿ. ತಣ್ಣಗಾಗುವಷ್ಟರಲ್ಲಿ ಆಸ್ಪತ್ರೆಯೇ ಬಂದಿರುತ್ತಿತ್ತು.

"ಸಾಕು ಕಣೋ. ಕಾಯಿಲೆ ಬೇಕಾದ್ರೆ ತಡ್ಕೋತೀನಿ, ಈ ಕಾರು ಆಗಲ್ಲ. ನಾಳೆಯಿಂದ ನಾನು ಬರಲ್ಲ," ಎಂದಳು. ಇನ್ನೂ ಹದಿನಾಲ್ಕು ದಿನದ ಚಿಕಿತ್ಸೆ ಬಾಕಿ ಇತ್ತು.

ಒಂದು ಗ್ಯಾರೇಜಿನವರು ಗ್ಯಾಸ್ ತುಂಬಿಸಬೇಕು ಎಂದಿದ್ದರು, ಮತ್ತೊಬ್ಬರು ಕಂಪ್ರೆಸರ್ರೇ ಹೋಗಿದೆ ಎಂದಿದ್ದರು. ಮೂರನೆಯವರು ಗವಿಪುರಂ ಇಳಿಜಾರಿನ ಶೆಡ್ಡಿನ ಈ ಮೇಸ್ತ್ರಿ. ಚೆನ್ನಾಗಿರುವ ಬಿಡಿಭಾಗ ತೆಗೆದು ಹಳೆಯದನ್ನು ಕೂರಿಸುವವರ ಬಗ್ಗೆ ನಾನೇ ಹಿಂದೆ ವರದಿ ಬರೆದಿದ್ದೆ. ಆದ್ದರಿಂದ ಹೊರಡುವ ಮುನ್ನ ಬಾನೆಟ್ ಎತ್ತಿ, ಕಂಪ್ರೆಸರ್ ಮೇಲೆ ಅಕ್ಕನ ಕೆಂಪು ನೈಲ್ ಪಾಲಿಶ್‌ನಿಂದ ಒಂದು ಚುಕ್ಕೆ ಇಟ್ಟೆ. ಶೆಡ್ಡಿನಲ್ಲಿ ಸ್ಟೂಲ್ ಎಳೆದುಕೊಂಡು ನೋಟ್‌ಬುಕ್ ತೆರೆದೆ.

"ಏನ್ ಸಾರ್, ಪಂಚನಾಮೆನಾ?" ಮೇಸ್ತ್ರಿ ನಕ್ಕರು. "ಬರ್ಕೊಳ್ಳಿ. ಮೊದ್ಲು ನೋಡೋದು, ಆಮೇಲೆ ಬಿಚ್ಚೋದು."

ಎಂಜಿನ್ ಓಡುತ್ತಿರುವಾಗಲೇ, ಕಾರಿನ ಮೂತಿಯೊಳಗೆ ಎ.ಸಿ.ಯ ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ಮೇಲೆ ಒಂದು ಬಕೆಟ್ ನೀರು ಹುಯ್ದರು. ಎರಡೇ ನಿಮಿಷದಲ್ಲಿ ಒಳಗಿನ ಗಾಳಿ ತಣ್ಣಗಾಯಿತು. ಗ್ಯಾಸೂ ಸರಿ ಇತ್ತು, ಕಂಪ್ರೆಸರೂ ಸರಿ ಇತ್ತು. ನಮ್ಮ ಮನೆ ಮುಂದಿದ್ದ ಹೊಂಗೆ ಮರದ ಹೂವು ಧೂಳಿನ ಜೊತೆ ಕಂಡೆನ್ಸರಿನ ಸಂದಿಗಳಲ್ಲಿ ಮೆತ್ತಿಕೊಂಡಿತ್ತು. ಮರವನ್ನು ಹಿಂದಿನ ವರ್ಷವೇ ಚರಂಡಿ ಕೆಲಸಕ್ಕೆಂದು ಕಡಿದಿದ್ದರು. ನೆರಳು ಹೋಗಿ ಹೂವು ಮಾತ್ರ ಉಳಿದಿತ್ತು.

ಬ್ರಶ್ ಹಿಡಿದು ಎಲ್ಲವನ್ನೂ ತೊಳೆದ ಮೇಲೆ, "ಯಾರಿಗ್ ಸಾರ್ ಇಷ್ಟು ಅರ್ಜೆಂಟು?" ಎಂದು ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ತಮ್ಮ ಕೈಯ ಕಲೆಯನ್ನು ಉಜ್ಜುತ್ತ ನಿಂತರು.

"ಬಿಸಿಲಲ್ಲಿ ನಿಂತ ಕಾರು ಸಾರ್, ಏನ್ ಮಾಡಿದ್ರೂ ಹತ್ತು ನಿಮಿಷ ತಗೊಳ್ಳತ್ತೆ. ಸುಟ್ಟ ಚರ್ಮಕ್ಕೆ ಅದೇ ಜಾಸ್ತಿ. ಇನ್ನೊಂದು ಕೀ ಕೊಟ್ಟಿರಿ. ದಿನಾ ಶೆಡ್ಡಿಗೆ ತಂದು ನೆರಳಲ್ಲಿ ತಣ್ಣಗ್ ಮಾಡಿ, ನೀವು ಹೊರಡೋ ಹೊತ್ತಿಗೆ ಬಾಗಿಲಿಗೆ ತರ್ತೀನಿ."

ಪರಿಚಯವಿಲ್ಲದವರು ಯಾಕೆ ಇಷ್ಟು ಮಾಡುತ್ತಾರೆ? ಮನೆಯಲ್ಲಿ ಇದನ್ನೇ ಅಂದಾಗ ಅಕ್ಕ ರೇಗಿದಳು: "ಕೊಡೋ ಮಾರಾಯ. ಈ ಡಬ್ಬಾನ ಯಾರು ಕದೀತಾರೆ?"

ಕೀ ಕೊಟ್ಟೆ. ಆದರೆ ಅವರು ಒಯ್ಯುವ ಮೊದಲು, ತಂದ ಮೇಲೆ, ಎರಡು ಸಲವೂ ಮೀಟರ್ ನೋಡಿ ಬರೆದುಕೊಂಡೆ. ಶೆಡ್ಡಿಗೆ ಹೋಗಿಬರಲು ದಿನಕ್ಕೆ ನಾನೂರು ಮೀಟರ್. ಒಂಬತ್ತನೇ ದಿನ ಏಳುನೂರು ಮೀಟರ್ ಹೆಚ್ಚಿಗೆ ಇತ್ತು. ಮರುದಿನ ಅವರ ಹಿಂದೆಯೇ ಹೋಗಿ ಶೆಡ್ಡಿನ ಗೋಡೆಯ ಪಕ್ಕ ನಿಂತೆ.

ಮೇಸ್ತ್ರಿ ಹಿಂದಿನ ಸೀಟಿನಲ್ಲಿ, ಅಕ್ಕ ಕೂರುವ ಜಾಗದಲ್ಲಿ ಕೂತಿದ್ದರು. ಕಲೆ ಇದ್ದ ಕೈಯನ್ನು ಕುತ್ತಿಗೆಯ ಮಟ್ಟಕ್ಕೆ ಹಿಡಿದಿದ್ದರು. ಇಳಿದು ಮುಂದೆ ಹೋಗಿ ಗಾಳಿಯ ಕಿಂಡಿಯನ್ನು ಚೂರು ತಿರುಗಿಸಿದರು. ಮತ್ತೆ ಬಂದು ಕೂತು ಕೈ ಹಿಡಿದರು. ನಾನು ಸದ್ದಿಲ್ಲದೆ ಮನೆಗೆ ಬಂದೆ.

ಅಕ್ಕ ಒಂದು ದಿನವೂ ತಪ್ಪಿಸಲಿಲ್ಲ. ಕೊನೆಯ ದಿನ ಮೇಸ್ತ್ರಿ ಕೀ ವಾಪಸ್ ಕೊಡುತ್ತ, "ಒಂಬತ್ತನೇ ದಿನ ರಸ್ತೆ ಅಗೆದಿದ್ರು ಸಾರ್, ಸುತ್ತಾಕ್ಕೊಂಡ್ ಬಂದೆ. ಅದೊಂದು ಬರ್ಕೊಳ್ಳಿ," ಎಂದರು. ಆಮೇಲೆ ಬಾನೆಟ್ ಕಡೆ ಕೈ ತೋರಿಸಿದರು. "ಆ ಕೆಂಪು ಚುಕ್ಕೇನೂ ಹಾಗೇ ಇದೆ. ಎಂಜಿನ್ ಒರೆಸುವಾಗ ಅದನ್ನ ಬಿಟ್ಟು ಒರೆಸಿದೀನಿ."

ಕಳೆದ ಕಾರ್ತಿಕದಲ್ಲಿ ಮೇಸ್ತ್ರಿ ಹೃದಯಾಘಾತದಿಂದ ತೀರಿಕೊಂಡರು. ಅಂತಿಮ ದರ್ಶನಕ್ಕೆ ಅಕ್ಕನೂ ನನ್ನ ಜೊತೆ ಬಂದಿದ್ದಳು.

ಹೋದ ವಾರ ಕಾರನ್ನು ಬೇರೊಂದು ಗ್ಯಾರೇಜಿಗೆ ಬಿಟ್ಟಿದ್ದೆ. ಎಂಜಿನ್ನನ್ನು ಫಳಫಳ ಹೊಳೆಯುವಂತೆ ತೊಳೆದುಕೊಟ್ಟರು. ಬಾನೆಟ್ ಎತ್ತಿ ನೋಡಿದೆ. ಚುಕ್ಕೆ ಇರಲಿಲ್ಲ. ಕಂಪ್ರೆಸರ್ ಅದೇ ಹಳೆಯದೋ ಅಲ್ಲವೋ, ನನಗೆ ತಿಳಿಯಲಿಲ್ಲ. ಕೇಳೋಣವೆಂದರೆ, ನಾನು ನಂಬಬಹುದಾದ ಮನುಷ್ಯ ಈಗಿಲ್ಲ.