ಆಫ್‌ಸೆಟ್ ಖಾತೆಯಿಂದ ಹೊರಟ ದೋಣಿಮನೆ

ವರ್ನಾ ಶಿರ್ಮರ್‌ಗೆ ತಾನು ದುಡ್ಡುಳ್ಳ ಹೆಂಗಸು ಎಂದು ತಿಳಿದದ್ದು ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಅದೂ ಸಾಲ ಕೇಳಲು ಹೋದಾಗ.

ಸಾಲ ಬೇಕಾಗಿದ್ದುದು ಒಂದು ದೋಣಿಮನೆಗೆ. ಮರ್ರಿ ನದಿಯ ದಡದ ಮ್ಯಾನಮ್ ಊರಿನಲ್ಲಿ ನಿಂಬೆಹಣ್ಣಿನ ಬಣ್ಣದ ಹಳೆಯದೊಂದು ದೋಣಿಮನೆ ಮಾರಾಟಕ್ಕಿತ್ತು. ಎರಡು ಮಂಚ, ಒಂದು ಒಲೆ, ಮೇಲೆ ಕುರ್ಚಿ ಹಾಕಿಕೊಂಡು ಕೂರುವಷ್ಟು ಜಾಗ. ಬೆಲೆ ಒಂದು ಲಕ್ಷ ಹದಿನೆಂಟು ಸಾವಿರ ಡಾಲರ್. ಶುಕ್ರವಾರ ಸಂಜೆ ಐದರೊಳಗೆ ದುಡ್ಡು ಬರದಿದ್ದರೆ ಅಡಿಲೇಡಿನ ಹಲ್ಲಿನ ಡಾಕ್ಟರೊಬ್ಬರಿಗೆ ಕೊಟ್ಟುಬಿಡುತ್ತೇನೆ ಎಂದು ಮಾಲೀಕ ಖಡಾಖಂಡಿತವಾಗಿ ಹೇಳಿದ್ದ. ವರ್ನಾ ದೋಣಿ ನಡೆಸುವ ಲೈಸೆನ್ಸಿನ ಪರೀಕ್ಷೆಗೆ ಹದಿಹರೆಯದ ಹುಡುಗರ ಮಧ್ಯೆ ಕೂತು ಆಗಲೇ ಪಾಸಾಗಿದ್ದಳು. ಸರ್ಟಿಫಿಕೇಟನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಹಾಲು ತೆಗೆಯುವ ನೆಪದಲ್ಲಿ ದಿನಕ್ಕೆ ಹತ್ತು ಸಲ ನೋಡುತ್ತಿದ್ದಳು.

ಅಲ್ಲಿಯವರೆಗೆ ಅವಳು ಮಾಡಿದ ದುಂದುವೆಚ್ಚವೆಂದರೆ ಒಂದೇ ಒಂದು ಕೆಂಪು ಕೋಟು. ಟನುಂಡಾದಲ್ಲಿ ಹುಟ್ಟಿ ಅಲ್ಲೇ ಬೆಳೆದವಳು. ಮೂವತ್ತೊಂದು ವರ್ಷ ಒಣಹಣ್ಣಿನ ಕಾರ್ಖಾನೆಯಲ್ಲಿ ಏಪ್ರಿಕಾಟ್ ಆರಿಸಿದ್ದಳು. ಒಂದೇ ಚಹಾದ ಚೀಲವನ್ನು ಎರಡು ಲೋಟಕ್ಕೆ ಅದ್ದುವ ಜಾತಿ. ಗಂಡ ಎರ್ವಿನ್ ತಗಡಿನ ಮೂರು ಶೆಡ್ಡು ಕಟ್ಟಿಸಿ ಟ್ರ್ಯಾಕ್ಟರ್ ರಿಪೇರಿಯವರಿಗೆ ಬಾಡಿಗೆಗೆ ಕೊಟ್ಟು, ಅವನ್ನೆಲ್ಲ ಕುಟುಂಬದ ಟ್ರಸ್ಟಿನ ಹೆಸರಿಗೆ ಮಾಡಿ ಕಣ್ಣುಮುಚ್ಚಿದ್ದ. ಆಮೇಲೆ ಟ್ರಸ್ಟನ್ನು ನೋಡಿಕೊಳ್ಳುತ್ತಿದ್ದವನು ಮಗ ಡ್ಯಾರೆಲ್. ವರ್ಷಕ್ಕೊಮ್ಮೆ ಅವನು ಒಂದು ಕಟ್ಟು ಕಾಗದ ತರುವನು. ವರ್ನಾ ಕೇಕು ಕೊಯ್ಯುತ್ತ, ಓದದೆ, ತೋರಿಸಿದಲ್ಲೆಲ್ಲ ಸಹಿ ಹಾಕುವಳು. ಮಗನ ಕಾಗದವನ್ನು ಓದುವುದು ಅವಮಾನ ಮಾಡಿದ ಹಾಗೆ ಎಂದು ಅವಳ ಎಣಿಕೆ. ತಾಯಂದಿರ ಈ ಬುದ್ಧಿಗೆ ಔಷಧಿಯಿಲ್ಲ.

ಸಾಲ ಬೇಕಾದರೆ ಹೋದ ವರ್ಷದ ತೆರಿಗೆ ಕಾಗದ ತನ್ನಿ ಎಂದರು ಬ್ಯಾಂಕಿನವರು. ತಂದು ಕೊಟ್ಟಳು. ಕೌಂಟರಿನ ಹುಡುಗಿ ನೋಡಿ ಕೇಳಿದಳು: "ನಿಮ್ಗೆ ಟ್ರಸ್ಟಿಂದ ವರ್ಷಾ ವರ್ಷಾ ದುಡ್ಡು ಬರತ್ತಲ್ಲ, ಸಾಲ ಯಾಕೆ?"

ಮಂಗಳವಾರ ವರ್ನಾ ಟ್ರಸ್ಟಿನ ಲೆಕ್ಕಪತ್ರ ನೋಡುವ ಮಿರೆಲ್ಲಾ ಓಪಿಯ ಮುಂದೆ ಕೂತಿದ್ದಳು.

"ನೋಡಿ ವರ್ನಾ," ಎಂದಳು ಮಿರೆಲ್ಲಾ. "ಟ್ರಸ್ಟಿನ ಲಾಭನ ಪ್ರತಿ ವರ್ಷ ಯಾರದ್ದಾದ್ರೂ ಹೆಸರಿಗೆ ಬರೀಲೇಬೇಕು. ಆದಾಯ ಕಮ್ಮಿ ಇರೋರ ಹೆಸರಿಗೆ ಬರೆದ್ರೆ ತೆರಿಗೆ ಕಮ್ಮಿ. ಮನೇಲಿ ಕಮ್ಮಿ ಆದಾಯ ನಿಮ್ದು."

"ನಂದು ಯಾವಾಗ್ಲೂ ಕಮ್ಮೀನೇ."

"ಹದಿನಾರು ವರ್ಷದಿಂದ ನಿಮ್ಮ ಪಾಲು ಬರೆದಿದಾರೆ, ತೆರಿಗೇನೂ ಕಟ್ಟಿದಾರೆ. ಉಳಿದಿದ್ದನ್ನ ಕೈಗೆ ಕೊಟ್ಟಿಲ್ಲ. ಒಂದು ಲಕ್ಷದ ನಲವತ್ತೆರಡು ಸಾವಿರ ಆಗಿದೆ."

"ಎಲ್ಲಿದೆ ಅದು?"

"ಶೆಡ್ಡಿನ ಮೇಲೆ ಬ್ಯಾಂಕ್ ಸಾಲ ಇದೆಯಲ್ಲ, ಅದರ ಪಕ್ಕ ಒಂದು ಆಫ್‌ಸೆಟ್ ಖಾತೆ ಇದೆ. ಸಾಲ ಐದು ಲಕ್ಷ ಅಂತಿಟ್ಕೊಳ್ಳಿ, ಆ ಖಾತೇಲಿ ಎರಡು ಲಕ್ಷ ಇದ್ರೆ ಬ್ಯಾಂಕ್‌ನವ್ರು ಮೂರಕ್ಕೆ ಮಾತ್ರ ಬಡ್ಡಿ ಹಾಕ್ತಾರೆ. ನಿಮ್ಮ ದುಡ್ಡು ಅಲ್ಲಿ ಕೂತ್ಕೊಂಡು ಬಡ್ಡಿ ಉಳಿಸ್ತಿದೆ."

ವರ್ನಾ ನಗಲು ಶುರು ಮಾಡಿದಳು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನಕ್ಕಳು. ಹೊರಗೆ ಬಂದು, ಮಾಂಸದಂಗಡಿಯ ಸಾಲಿನಲ್ಲಿ ನಿಂತಾಗ ಅವಳ ಕಾಲು ತಾನಾಗಿಯೇ ಪೋಲ್ಕಾ ಕುಣಿತದ ಹೆಜ್ಜೆ ಹಾಕಿತು. ಹಿಂದೆ ನಿಂತಿದ್ದ ಪಾದ್ರಿಗಳು ಗೋಡೆಯ ಕಡೆ ತಿರುಗಿಕೊಂಡರು. ಅರ್ಧ ಕಿಲೋ ಸಾಸೇಜು ಕೇಳಬೇಕಾದವಳು ಎರಡು ಕಿಲೋ ಕೇಳಿದಳು.

ಬುಧವಾರ ಡ್ಯಾರೆಲ್ ತಾನೂ ರಿಪೇರಿ ಕೆಲಸ ಮಾಡುವ ಶೆಡ್ಡಿನಲ್ಲಿ ಸಿಕ್ಕಿದ.

"ಅದು ಕಾಗದದ ಮೇಲಿನ ದುಡ್ಡು ಕಣಮ್ಮ. ತೆರಿಗೆಗೋಸ್ಕರ ನಿನ್ನ ಹೆಸರು ಬರ್ದಿದ್ದು, ಅಷ್ಟೇ."

"ಅಂದ್ರೆ ನಂದಲ್ವಾ?"

"ಅಲ್ಲ ಅಂತ ಅಲ್ಲ..."

"ಒಂದು ಹೇಳು ಮಗಾ. ನಂದು ಅಂದ್ರೆ ಕೊಡು. ನಂದಲ್ಲ ಅಂದ್ರೆ ತೆರಿಗೆಯವ್ರಿಗೆ ಫೋನ್ ಮಾಡ್ತೀನಿ, ನಮ್ಮ ಹುಡುಗ ಹದಿನಾರು ವರ್ಷದಿಂದ ತಪ್ಪು ಬರ್ದಿದಾನೆ, ಒಳ್ಳೇವ್ನು, ಬೈಬೇಡಿ ಅಂತ. ಆಗ ನೂರಕ್ಕೆ ನಲವತ್ತೇಳರ ಲೆಕ್ಕದಲ್ಲಿ ಹಿಂದಿನದ್ದೂ ಸೇರಿಸಿ ತೆರಿಗೆ ಕೇಳಬಹುದಂತೆ. ಮಿರೆಲ್ಲಾ ಹೇಳಿದ್ಲು."

ಡ್ಯಾರೆಲ್‌ನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಪಾಪ, ಕೆಟ್ಟವನಲ್ಲ. ಮೂಟೆ ಹೊತ್ತವರ ಮೇಲೇ ಇನ್ನೊಂದು ಮೂಟೆ ಹೇರುವುದು ಎಲ್ಲ ಮನೆಗಳಲ್ಲೂ ನಡೆದುಬಂದದ್ದು, ಅವನೂ ಹೇರಿದ್ದ.

"ಬಡ್ಡಿ ಏರತ್ತಮ್ಮ."

"ಏರಿದ ಬಡ್ಡೀನ ಬಾಡಿಗೆ ಆದಾಯದಲ್ಲಿ ಖರ್ಚು ಅಂತ ಕಳೀಬಹುದಂತೆ. ಅದನ್ನೂ ಕೇಳ್ಕೊಂಡೇ ಬಂದೆ."

ಅವನು ಕೈಯ ಗ್ರೀಸನ್ನು ತುಂಬಾ ಹೊತ್ತು ಒರೆಸಿಕೊಂಡ. "ನೀನೊಬ್ಳೇ ಆ ನದೀಲಿ... ಬಿದ್ರೆ?"

"ಬಿದ್ರೆ ಈಜ್ತೀನಿ. ನಿಂಗೆ ಈಜು ಕಲಿಸಿದ್ದು ಯಾರೋ?"

ಅವಳಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಆದರೆ ಶುಕ್ರವಾರ ಮುಗಿಯುವವರೆಗೆ ಮೆತ್ತಗಾಗಬಾರದೆಂದು ತಡೆದುಕೊಂಡಳು.

ಶುಕ್ರವಾರ ಫೋನಿನಲ್ಲಿ ಅಷ್ಟು ದೊಡ್ಡ ಮೊತ್ತ ಕಳಿಸಲಾಗದೆ ಡ್ಯಾರೆಲ್ ಕೆಲಸ ಬಿಟ್ಟು, ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಬ್ಯಾಂಕಿಗೆ ಓಡಿದ. ವರ್ನಾ ಮ್ಯಾನಮ್‌ನಲ್ಲಿ ದೋಣಿಮನೆಯ ಮಾಲೀಕನಿಗೆ ಒಂದರ ಮೇಲೊಂದು ಸಾಸೇಜು ತಿನ್ನಿಸುತ್ತ ಗಡಿಯಾರ ನೋಡುತ್ತಿದ್ದಳು. ಐದಕ್ಕೆ ಹನ್ನೆರಡು ನಿಮಿಷ ಇರುವಾಗ ಮಾಲೀಕನ ಫೋನು ಗುಂಯ್ ಎಂದಿತು. ಅವನು ಓದಿ, ಬಾಯಲ್ಲಿದ್ದುದನ್ನು ನುಂಗಿ, ಬೀಗದಕೈ ಮುಂದಿಟ್ಟ. ವರ್ನಾ ಅವನ ಬೋಳುತಲೆಗೆ ಮುತ್ತು ಕೊಟ್ಟಳು. ಹಲ್ಲಿನ ಡಾಕ್ಟರಿಗೆ ಮಾರಿದ್ದರೆ ಅವನಿಗೆ ಅದು ದಕ್ಕುತ್ತಿರಲಿಲ್ಲ ಬಿಡಿ.

ಭಾನುವಾರ ಡ್ಯಾರೆಲ್ ಎರಡು ಲೈಫ್ ಜಾಕೆಟ್ಟು, ಒಂದು ಔಷಧಿ ಪೆಟ್ಟಿಗೆ ತಂದ. ಹಗ್ಗ ಬಿಚ್ಚಿ ಅವನೇ ದೋಣಿಯನ್ನು ತಳ್ಳಿದ. ಎಂಜಿನ್ನು ಕೆಮ್ಮಿ, ಕೆಮ್ಮಿ, ದಾರಿಗೆ ಬಂತು. ಪೆಲಿಕನ್‌ಗಳು ಬೇಜಾರಿನಿಂದ ಪಕ್ಕಕ್ಕೆ ಸರಿದವು. ವರ್ನಾ ಚುಕ್ಕಾಣಿ ಹಿಡಿದು ಸುಮ್ಮಸುಮ್ಮನೆ ಎರಡು ಸಲ ಹಾರ್ನ್ ಒತ್ತಿದಳು.

"ಅಮ್ಮಾ, ವಾಪಸ್ ಯಾವಾಗ ಬರ್ತೀಯಾ?" ಎಂದು ಡ್ಯಾರೆಲ್ ದಡದಿಂದ ಕೂಗಿದ.

ವರ್ನಾ ಹಾರ್ನಿನಿಂದ ಕೈ ತೆಗೆದಳು. ಈ ಮಾತನ್ನು ಅವಳು ಬಾಗಿಲಲ್ಲಿ ನಿಂತು ಐವತ್ತು ವರ್ಷ ಕೇಳಿದ್ದಳು, ಮೊದಲು ಗಂಡನನ್ನು, ಆಮೇಲೆ ಮಗನನ್ನು. ಅವಳನ್ನು ಯಾರೂ ಕೇಳಿರಲಿಲ್ಲ. ಅವಳು ಎಲ್ಲಿಗಾದರೂ ಹೋಗಿದ್ದರಲ್ಲವೇ ಕೇಳುವುದು. ಕಣ್ಣು ತುಂಬಿತು, ನಗು ಉಕ್ಕಿತು, ಎರಡೂ ಒಟ್ಟಿಗೆ.

"ಗೊತ್ತಿಲ್ಲ ಕಣೋ," ಎಂದು ಕೂಗಿದಳು. "ಊಟಕ್ಕೆ ಕಾಯ್ಬೇಡ."