ನೀರಲ್ಲಿಟ್ಟ ಇದ್ದಲು

ಗುತ್ತಲಿನ ನನ್ನ ಮನೆಗೆ ನೀವು ಬಂದರೆ, ಓದುವ ಮೇಜಿನ ಮೇಲೆ ಉಪ್ಪಿನಕಾಯಿ ಬಾಟಲಿಯ ನೀರಿನಲ್ಲಿ ಮುಳುಗಿ ಕೂತಿರುವ ಮುಷ್ಟಿಗಾತ್ರದ ಕಂದು ಇದ್ದಲನ್ನು ಕಂಡು ಖಂಡಿತ ನಗುತ್ತೀರಿ. ನಗಿ, ಪರವಾಗಿಲ್ಲ. ಉರಿಯಬೇಕಾದದ್ದನ್ನು ನೆನೆಹಾಕುವ ರಸಾಯನಶಾಸ್ತ್ರದ ಮೇಷ್ಟ್ರು ಮಂಡ್ಯ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಇದು ಲಿಗ್ನೈಟ್, ಮರವಾಗಿದ್ದುದನ್ನು ಪೂರ್ತಿ ಮರೆಯದ, ಕಲ್ಲಾಗಲು ಪೂರ್ತಿ ಒಪ್ಪದ ಇದ್ದಲು. ಗಣಿಯಿಂದ ತೆಗೆದಾಗ ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಉಳಿದದ್ದು ಇಂಗಾಲ, ಜಲಜನಕ, ಧಾರಾಳವಾಗಿ ಆಮ್ಲಜನಕ, ಚೂರು ಗಂಧಕ, ಕೊನೆಗೆ ಬೂದಿಯಾಗುವ ಜೇಡಿ, ಮರಳು, ಸುಣ್ಣ, ಕಬ್ಬಿಣ. ಇಷ್ಟನ್ನೂ ನಿದ್ದೆಗಣ್ಣಿನಲ್ಲೂ ಒಪ್ಪಿಸಬಲ್ಲೆ, ಆ ಜಂಬ ನನಗೆ ಈಗಲೂ ಇದೆ.

ಮಳವಳ್ಳಿ ಹತ್ತಿರ ನನ್ನ ಅಕ್ಕನದೊಂದು ಆಲೆಮನೆ. ಹೋದ ವರ್ಷ ಅಕಾಲದ ಮಳೆಗೆ ಒಲೆಗೆ ಹಾಕುವ ಕಬ್ಬಿನ ಸಿಪ್ಪೆ ಅರ್ಧಕ್ಕರ್ಧ ನೆನೆದುಹೋದಾಗ, ನಾನೇ ಒಂದು ಟೆಂಪೊ ಲಿಗ್ನೈಟ್ ತರಿಸಿಕೊಟ್ಟೆ. ನೀರೇ ಅದರ ದೋಷವಾದ್ದರಿಂದ ಸಿಪ್ಪೆಯಂತೆಯೇ ಬಿಸಿಲಿಗೆ ಹರವಿ ಒಣಗಿಸಿ, ಗರಿ ಹೊದಿಸಿದ ಚಪ್ಪರದೊಳಗೆ ಗುಡ್ಡೆ ಹಾಕಿ, ಟಾರ್ಪಾಲು ಮುಚ್ಚಲು ಅಕ್ಕನಿಗೆ ಹೇಳಿದೆ. ಒಣಗಿದ ಹೆಂಟೆಗಳು ಬಿರಿದು ಪುಡಿಯಾದದ್ದು ಅಕ್ಕನಿಗೆ ಹಿಡಿಸಲಿಲ್ಲ.

"ಏನಾಗಕಿಲ್ಲ ಬುಡಕ್ಕ, ಅದ್ರೊಳ್ಗೆ ಏನೇನದೆ ಅಂತ ನಂಗ್ ಗೊತ್ತು" ಎಂದುಬಿಟ್ಟೆ.

ಗುಡ್ಡೆ ಹಾಕಿದ ನಾಲ್ಕನೆಯ ಬೆಳಿಗ್ಗೆ ನಾನು ಅಲ್ಲಿಗೆ ಹೋದಾಗ ಅಕ್ಕ ಗುಡ್ಡೆಯ ಪಕ್ಕ ನಿಂತಿದ್ದಳು. ಸಿಪ್ಪೆಯ ಗುಡ್ಡೆಗೆ ದಿನವೂ ತೋಳು ತೂರಿಸಿ ನೋಡುವುದು ಅವಳ ರೂಢಿ, ಇದಕ್ಕೂ ತೂರಿಸಿದ್ದಳು. "ಕೈ ಇಕ್ಕು ಬಾ. ನಿನ್ ಇದ್ಲು ಒಳ್ಗೊಳ್ಗೇ ಬೇಯ್ತಾ ಅದೆ ಕಣ್ಲಾ."

ಕೈ ಇಟ್ಟವನೇ ಸರಕ್ಕನೆ ಎಳೆದುಕೊಂಡೆ. ಪಕ್ಕದಲ್ಲೇ ಉಳಿದ ಒಣ ಸಿಪ್ಪೆ, ಮೇಲೆ ಗರಿಯ ಚಾವಣಿ. ಅಕ್ಕನ ಜೀವನವೆಲ್ಲ ಅಲ್ಲೇ ಇತ್ತು. ಇಬ್ಬರೂ ಇದ್ದಲನ್ನು ಸಲಿಕೆಯಲ್ಲಿ ಬಾಚಿ ಬಯಲಿಗೆಳೆದು ತೆಳ್ಳಗೆ ಹರವುವಷ್ಟರಲ್ಲಿ ಮಧ್ಯಾಹ್ನವಾಯಿತು.

ಬೆವರೊರೆಸಿಕೊಳ್ಳುತ್ತಲೇ ನಾನು ಪಾಠಕ್ಕಿಳಿದೆ. ನೀರು ಬಿಟ್ಟುಹೋದ ಸಂದುಗಳಿಗೆ ಗಾಳಿ ನುಗ್ಗಿ, ಅದರ ಆಮ್ಲಜನಕ ಇಂಗಾಲದೊಡನೆಯೂ ಗಂಧಕದೊಡನೆಯೂ ಕೂಡಿ, ಹುಟ್ಟಿದ ಶಾಖ ಹೊರದಾರಿ ಕಾಣದೆ ಒಳಗೇ ಸೇರುತ್ತದೆ, ಎಂದೆ. ಹೇಳುತ್ತ ಹೇಳುತ್ತ ನನಗೇ ಹೊಳೆಯಿತು, ನಾನು ದೋಷವೆಂದು ಓಡಿಸಿದ ನೀರೇ ಅದನ್ನು ಅಷ್ಟು ಕಾಲ ತಣ್ಣಗಿಟ್ಟಿತ್ತು.

ಅಕ್ಕ ಪೂರ್ತಿ ಕೇಳಿಸಿಕೊಂಡಳು. "ಇಷ್ಟೆಲ್ಲಾ ಗೊತ್ತಿತ್ತು. ಮುಟ್ಟಿ ನೋಡಕ್ಕೆ ಒಂದ್ ಸಲನೂ ಬರ್ಲಿಲ್ವಲ್ಲಾ."

ಅಂದು ಜೇಬಿನಲ್ಲಿ ತಂದ ಹೆಂಟೆ ಇದು. ಕಾಲೇಜಿಗೆ ಹೊರಡುವ ಮುನ್ನ ದಿನವೂ ಬಾಟಲಿಯನ್ನು ಮುಟ್ಟಿ ನೋಡುತ್ತೇನೆ. ನೀರಿನಲ್ಲಿರುವುದು ಕಾಯುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು, ಆದರೂ ಮುಟ್ಟುತ್ತೇನೆ.